ನಾಣ್ಯದ ಮುಖದಲ್ಲಿ ರಾಜಶಕ್ತಿ

ಮಧುಗಿರಿಯ ಒಂದು ಕಾಲೇಜಿನಲ್ಲಿ ನಾನು ಭೌತವಿಜ್ಞಾನವನ್ನು ಬೋಧಿಸುತ್ತೇನೆ. ಸಿರಾ, ಕೊರಟಗೆರೆ, ಪಾವಗಡದ ಕಡೆಯ ಹಳ್ಳಿಗಳಿಂದಲೂ ವಿದ್ಯಾರ್ಥಿಗಳು ಇಲ್ಲಿಗೆ ಬರುತ್ತಾರೆ. ಒಂದು ದಿನ ಪ್ರಯೋಗಶಾಲೆಯಲ್ಲಿ ಆರ್ಕಿಮಿಡೀಸನ ತತ್ತ್ವವನ್ನು ಕುರಿತ ಪ್ರಯೋಗ ನಡೆಯುತ್ತಿದ್ದಾಗ, ಪಾವಗಡದ ಕಡೆಯ ಹುಡುಗನೊಬ್ಬನು ಜೇಬಿನಿಂದ ಒಂದು ತಾಮ್ರದ ಬಿಲ್ಲೆಯನ್ನು ತೆಗೆದು ಮೇಜಿನ ಮೇಲಿಟ್ಟನು.

“ಸಾರ್, ಇದು ನಮ್ಮಜ್ಜಿಯ ಗಂಟಿನಲ್ಲಿತ್ತು. ಇದರ ಮೇಲೆ ಆನೆ ಇದೆ. ಟಿಪ್ಪುವಿನ ಕಾಲದ್ದೇ ಅಲ್ಲವೆ?” ಎಂದು ಕೇಳಿದನು.

ಬಿಲ್ಲೆ ಥಳಥಳ ಹೊಳೆಯುತ್ತಿತ್ತು. ಹುಣಸೆಹಣ್ಣು ಹಚ್ಚಿ ಚೆನ್ನಾಗಿ ತಿಕ್ಕಿ ತಂದಿದ್ದನು. ಪಾಪ, ಗುರುಗಳಿಗೆ ತೋರಿಸುವ ವಸ್ತು ಶುಭ್ರವಾಗಿರಲಿ ಎಂಬುದು ಅವನ ಉದ್ದೇಶ. ಆದರೆ ತಿಕ್ಕಿದ ರಭಸಕ್ಕೆ ಒಂದು ಬದಿಯ ಅಕ್ಷರಗಳು ಅರ್ಧಕ್ಕರ್ಧ ಮಾಸಿಹೋಗಿದ್ದವು. ಆನೆ ಮಾತ್ರ ಉಳಿದಿತ್ತು. ಆನೆಯೊಂದನ್ನೇ ನೋಡಿ ಇದು ಇಂಥ ಅರಸನದು ಎಂದು ಹೇಳಬಹುದೆ? ಅರಸನು ನಾಣ್ಯದ ಮೇಲೆ ಆನೆಯನ್ನಾಗಲಿ ಸಿಂಹವನ್ನಾಗಲಿ ಅಚ್ಚು ಹಾಕಿಸುವುದಾದರೂ ಏಕೆ? ಈ ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸೋಣ.

ಚಿಕ್ಕ ಬಿಲ್ಲೆ, ದೊಡ್ಡ ಮಾತು

ಲೋಹದ ತುಂಡೊಂದು ನಾಣ್ಯವಾಗಬೇಕಾದರೆ ಮೂರು ಅಂಶಗಳು ಕೂಡಿ ಬರಬೇಕು: ಗೊತ್ತಾದ ಲೋಹ, ಗೊತ್ತಾದ ತೂಕ, ಮತ್ತು ಇವೆರಡಕ್ಕೂ ಹೊಣೆ ನಿಂತವರ ಮುದ್ರೆ. ಮೊದಲೆರಡನ್ನು ಅಕ್ಕಸಾಲಿಗನು ತಕ್ಕಡಿಯಿಂದಲೂ ಒರೆಗಲ್ಲಿನಿಂದಲೂ ಪರೀಕ್ಷಿಸಬಲ್ಲನು. ಆದರೆ ಸಂತೆಯಲ್ಲಿ ರಾಗಿ ಕೊಳ್ಳುವವನು ಪ್ರತಿಯೊಂದು ಬಿಲ್ಲೆಯನ್ನೂ ಹಾಗೆ ಪರೀಕ್ಷಿಸುತ್ತ ಕುಳಿತರೆ ವ್ಯಾಪಾರ ಸಾಗುವುದಿಲ್ಲ. ಆ ಶ್ರಮವನ್ನು ಮುದ್ರೆಯು ತಪ್ಪಿಸುತ್ತದೆ. “ನಾನು ನೋಡಿದ್ದೇನೆ, ನೀನು ನಂಬು” ಎಂದು ಹೇಳುವುದೇ ಅದರ ಕೆಲಸ. ಹೀಗೆ ಹೇಳುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆಯೊಡನೆ ನಾಣ್ಯವು ರಾಜಕೀಯಕ್ಕೆ ಕಾಲಿಡುತ್ತದೆ.

ಮುದ್ರೆ ಹಾಕುವ ವಿಧಾನ ಸರಳವಾದುದು. ಅಡಿಗಲ್ಲಿನಲ್ಲಿ ಒಂದು ಅಚ್ಚನ್ನು ನೆಡುತ್ತಾರೆ; ಅದರ ಮೇಲೆ ಲೋಹದ ಬಿಲ್ಲೆಯನ್ನಿಟ್ಟು, ಇನ್ನೊಂದು ಅಚ್ಚನ್ನು ಬಿಲ್ಲೆಯ ಮೇಲೆ ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಾರೆ. ಒಂದೇ ಪೆಟ್ಟಿಗೆ ಎರಡು ಮುಖಗಳೂ ಮೂಡುತ್ತವೆ. ಬಿಲ್ಲೆಯಲ್ಲಿ ಉಬ್ಬಾಗಿ ಕಾಣಬೇಕಾದುದನ್ನು ಅಚ್ಚಿನಲ್ಲಿ ತಗ್ಗಾಗಿ ಕೆತ್ತಬೇಕು. ಅಕ್ಷರಗಳನ್ನು ಕನ್ನಡಿಯಲ್ಲಿ ಕಾಣುವಂತೆ ತಿರುವು ಮುರುವಾಗಿ ಕೊರೆಯಬೇಕು. ಬೆರಳ ತುದಿಯಷ್ಟು ಜಾಗದಲ್ಲಿ ಒಂದು ರಾಜ್ಯವು ತನ್ನನ್ನು ಕುರಿತು ಏನನ್ನು ಹೇಳಬಯಸುತ್ತದೆಯೋ ಅದೆಲ್ಲವೂ ಅಡಕವಾಗಬೇಕು. ಆದುದರಿಂದಲೇ ಅಲ್ಲಿ ವ್ಯರ್ಥವಾದ ಗೆರೆ ಒಂದೂ ಇರುವುದಿಲ್ಲ.

ಗೂಬೆಯಿಂದ ಕೊಂಬಿನ ಕಿರೀಟದವರೆಗೆ

ಈ ಕಲೆಯನ್ನು ಬಹು ಮೇಲಕ್ಕೆ ಒಯ್ದವರು ಪ್ರಾಚೀನ ಗ್ರೀಕರು. ಅವರ ನೆರೆಯ ಲಿಡಿಯಾ ದೇಶದ ದೊರೆ ಕ್ರೀಸಸನ ನಾಣ್ಯಗಳ ಮೇಲೆ ಸಿಂಹವೂ ಗೂಳಿಯೂ ಎದುರುಬದುರಾಗಿ ನಿಂತಿದ್ದವು. ಗ್ರೀಕರ ನಗರರಾಜ್ಯಗಳಲ್ಲಿ ಒಂದೊಂದಕ್ಕೂ ಅದರದೇ ಲಾಂಛನವಿತ್ತು: ಈಜೈನಾ ದ್ವೀಪಕ್ಕೆ ಆಮೆ, ಕೊರಿಂಥಿಗೆ ರೆಕ್ಕೆಯ ಕುದುರೆ, ಅಥೆನ್ಸಿಗೆ ಗೂಬೆ. ಅಥೆನ್ಸಿನ ದೊಡ್ಡ ಬೆಳ್ಳಿ ನಾಣ್ಯವು ಸುಮಾರು ೧೭ ಗ್ರಾಂ ತೂಗುತ್ತಿತ್ತು. ಅದರ ಒಂದು ಕಡೆ ಅಥೀನಾ ದೇವಿಯ ತಲೆ, ಇನ್ನೊಂದು ಕಡೆ ಅವಳ ಗೂಬೆ ಇರುತ್ತಿದ್ದವು. ಶಿಲ್ಪಕಲೆ ಎಷ್ಟೋ ಮುಂದುವರಿದ ಮೇಲೂ ಅಥೆನ್ಸಿನವರು ದೇವಿಯ ಹಳೆಯ ಕಾಲದ ಮುಖವನ್ನು ಬದಲಾಯಿಸಲಿಲ್ಲ. ದೂರದೇಶದ ವರ್ತಕರು ಆ ಮುಖವನ್ನೇ ಗುರುತಿಟ್ಟುಕೊಂಡಿದ್ದರು. ಮುಖ ಬದಲಾದರೆ ನಂಬಿಕೆಯೂ ಅಲುಗುತ್ತಿತ್ತು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ನಮ್ಮ ನಾಡಿನಲ್ಲಿಯೂ ಇದೇ ನ್ಯಾಯ ಕಾಣಸಿಗುತ್ತದೆ.

ನಗರಗಳ ನಾಣ್ಯದಲ್ಲಿ ದೇವತೆಗಳಿದ್ದರು, ಆಳುವವನ ಮುಖವಿರಲಿಲ್ಲ. ಅಲೆಗ್ಸಾಂಡರನ ಬೆಳ್ಳಿ ನಾಣ್ಯಗಳ ಮೇಲಿರುವುದು ಸಿಂಹದ ಚರ್ಮವನ್ನು ತಲೆಗೆ ಹೊದ್ದ ವೀರ ಹೆರಕ್ಲೀಸ್. ಹಿಂಬದಿಯಲ್ಲಿ ಸಿಂಹಾಸನದಲ್ಲಿ ಕುಳಿತ ಸ್ಯೂಸ್ ದೇವನೂ ಅವನ ಕೈಯಲ್ಲಿ ಹದ್ದೂ ಇವೆ. ಪಕ್ಕದಲ್ಲಿ ಒಂದೇ ಒಂದು ಮಾತು, ಷಷ್ಠೀ ವಿಭಕ್ತಿಯಲ್ಲಿ: “ಅಲೆಗ್ಸಾಂಡರನದು.” ಕ್ರಿ. ಪೂ. ೩೨೩ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಸೇನಾಪತಿಗಳು ರಾಜ್ಯವನ್ನು ಹಂಚಿಕೊಂಡರು. ಅವರಿಗೆ ವಂಶದ ಬಲವಿರಲಿಲ್ಲ. ಸತ್ತ ದೊರೆಯ ಹೆಸರೇ ಬಂಡವಾಳ. ಲೈಸಿಮಾಕಸನು ಅಲೆಗ್ಸಾಂಡರನ ತಲೆಗೆ ದೇವತೆಯ ಟಗರುಕೊಂಬನ್ನು ತೊಡಿಸಿದನು. ಈಜಿಪ್ಟಿನ ಟಾಲೆಮಿಯು ಅಲೆಗ್ಸಾಂಡರನ ತಲೆಗೆ ಆನೆಯ ಮುಖಚರ್ಮವನ್ನು ಹೊದಿಸಿದನು. ಭಾರತದವರೆಗೆ ಬಂದ ಗೆಲುವಿನ ಗುರುತು ಅದು. ಆಮೇಲೆ ಅದೇ ಟಾಲೆಮಿಯು ಧೈರ್ಯಮಾಡಿ ತನ್ನ ಮುಖವನ್ನೇ ನಾಣ್ಯಕ್ಕೆ ಹಾಕಿಸಿದನು. ಹೀಗೆ ದೇವತೆಯಿಂದ ವೀರನಿಗೆ, ವೀರನಿಂದ ಸತ್ತ ಅರಸನಿಗೆ, ಅವನಿಂದ ಬದುಕಿರುವ ಅರಸನಿಗೆ ನಾಣ್ಯದ ಮುಖವು ಹಂತಹಂತವಾಗಿ ಇಳಿದು ಬಂದಿತು.

ಚಂದ್ರವಳ್ಳಿಯ ಗೂಳಿ

ಇನ್ನು ನಮ್ಮ ಸೀಮೆಗೆ ಬರೋಣ. ಸಿರಾದಿಂದ ಹೆದ್ದಾರಿ ಹಿಡಿದು ವಾಯವ್ಯಕ್ಕೆ ಹೋದರೆ ಚಿತ್ರದುರ್ಗ ಸಿಕ್ಕುತ್ತದೆ. ಅದರ ಬೆಟ್ಟಗಳ ಬುಡದಲ್ಲಿರುವ ಚಂದ್ರವಳ್ಳಿಯನ್ನು ಡಾ. ಎಂ. ಎಚ್. ಕೃಷ್ಣರವರೂ ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಗೆದು ಶೋಧಿಸಿದರು. ಅಲ್ಲಿ ಶಾತವಾಹನರ ಕಾಲದ ನಾಣ್ಯಗಳ ಜೊತೆಗೆ ರೋಮಿನ ಬೆಳ್ಳಿಯ ನಾಣ್ಯಗಳೂ ದೊರೆತವು. ರೋಮ್ ಚಕ್ರವರ್ತಿಯ ಮುಖವು ನಮ್ಮ ಬಯಲುಸೀಮೆಯ ಮಣ್ಣಿನವರೆಗೂ ಬಂದಿತ್ತೆಂದ ಹಾಗಾಯಿತು.

ಅದೇ ಸೀಮೆಯಲ್ಲಿ ದೊರೆತ ಇನ್ನೊಂದು ಬಗೆಯ ನಾಣ್ಯ ನಮಗೆ ಹೆಚ್ಚು ಮುಖ್ಯವಾದುದು. ಅದು ಸೀಸದ ನಾಣ್ಯ. ಸೀಸವು ೩೨೭ ಡಿಗ್ರಿ ಸೆಂಟಿಗ್ರೇಡಿಗೇ ಕರಗುತ್ತದೆ. ತಾಮ್ರಕ್ಕಾದರೋ ೧೦೮೫ ಡಿಗ್ರಿ ಬೇಕು. ಸೌದೆಯ ಒಲೆಯಲ್ಲಿಯೇ ಕರಗಿಸಬಹುದಾದ ಈ ಲೋಹವು ಸ್ಥಳೀಯ ಅಧಿಕಾರಿಗೂ ಕೈಗೆಟುಕುವಂಥದು. ನಾಣ್ಯದ ಒಂದು ಬದಿಯಲ್ಲಿ ಹಿಣಿಲುಳ್ಳ ಗೂಳಿ ನಿಂತಿದೆ. ಇನ್ನೊಂದು ಬದಿಯಲ್ಲಿ ಕಟಕಟೆಯೊಳಗಿನ ಮರವೂ ಕಮಾನುಗಳನ್ನು ಪೇರಿಸಿದಂತಿರುವ ಬೆಟ್ಟವೂ ಇವೆ. ಅದರ ಪ್ರಾಕೃತ ಬರಹವು ಸದಕನ ಕಳಲಾಯ ಎಂಬ ‘ಮಹಾರಠಿ’ಯನ್ನು ಹೆಸರಿಸುತ್ತದೆ. ಮಹಾರಠಿ ಎಂದರೆ ಚಕ್ರವರ್ತಿಯಲ್ಲ. ಶಾತವಾಹನರ ಕಾಲದ ಒಬ್ಬ ಪ್ರಾಂತೀಯ ಪ್ರಭು. ಬರಹದ ಕೊನೆಯಲ್ಲಿ ಬರುವ ‘ಸ’ಕಾರವು ಷಷ್ಠೀ ವಿಭಕ್ತಿಯ ಗುರುತು: “ಮಹಾರಠಿಯದು.” ಗ್ರೀಸಿನಲ್ಲಿ “ಅಲೆಗ್ಸಾಂಡರನದು” ಎಂದದ್ದೂ ಚಿತ್ರದುರ್ಗದ ಬಯಲಿನಲ್ಲಿ “ಮಹಾರಠಿಯದು” ಎಂದದ್ದೂ ವ್ಯಾಕರಣದಲ್ಲಿ ಒಂದೇ. ನಾಣ್ಯದ ಮೊದಲ ಮಾತು ಎಲ್ಲೆಲ್ಲಿಯೂ “ಇದು ಯಾರದು” ಎಂಬುದಕ್ಕೆ ಉತ್ತರವಾಗಿತ್ತು.

ನೊಳಂಬವಾಡಿಗೊಂಡ

ಸುಮಾರು ಒಂದು ಸಾವಿರ ವರ್ಷಗಳ ತರುವಾಯ ಕನ್ನಡ ನಾಣ್ಯವೊಂದು ಬೇರೊಂದು ಬಗೆಯ ಮಾತನ್ನಾಡಿತು. ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯಗಳಲ್ಲಿ ಎರಡು ಪ್ರಸಿದ್ಧವಾಗಿವೆ. ಎರಡರ ತೂಕವೂ ಸುಮಾರು ೪ ಗ್ರಾಂ. ಎರಡರ ಮುಂಬದಿಯಲ್ಲಿಯೂ ಕೇಸರವುಳ್ಳ ಸಿಂಹ. ಒಂದರ ಹಿಂಬದಿಯಲ್ಲಿ ಕನ್ನಡ ಲಿಪಿಯಲ್ಲಿ ‘ಶ್ರೀ ತಲಕಾಡುಗೊಂಡ’ ಎಂದಿದೆ. ಇನ್ನೊಂದರಲ್ಲಿ ‘ಶ್ರೀ ನೊಳಂಬವಾಡಿಗೊಂಡ’ ಎಂದಿದೆ. ಇಲ್ಲಿ ಅರಸನ ಹೆಸರೇ ಇಲ್ಲ! ಷಷ್ಠೀ ವಿಭಕ್ತಿ ಹೋಗಿ ಕ್ರಿಯೆ ಬಂದಿದೆ: ‘ಗೊಂಡ’, ಅಂದರೆ ಗೆದ್ದುಕೊಂಡವನು. ಗೆದ್ದದ್ದೇ ಅವನ ಹೆಸರು.

ಆ ನೊಳಂಬವಾಡಿ ಎಲ್ಲಿದೆ? ಬೇರೆಲ್ಲಿಯೂ ಅಲ್ಲ, ನಾವು ನಿಂತಿರುವ ನೆಲವೇ ಅದು. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು ಇಂದಿನ ಹೇಮಾವತಿ. ಅದು ಆಂಧ್ರಪ್ರದೇಶದ ಮಡಕಶಿರಾ ಸೀಮೆಯಲ್ಲಿ, ನಮ್ಮ ಸಿರಾ, ಮಧುಗಿರಿ, ಪಾವಗಡ ತಾಲ್ಲೂಕುಗಳ ಮಗ್ಗುಲಲ್ಲಿಯೇ ಇದೆ. ನೊಳಂಬರು ಹತ್ತನೆಯ ಶತಮಾನದಲ್ಲಿ ಗಂಗರಿಂದ ಪೆಟ್ಟು ತಿಂದು ಕ್ಷೀಣಿಸಿದರು. ಆದರೆ ‘ನೊಳಂಬವಾಡಿ ಮೂವತ್ತೆರಡು ಸಾಸಿರ’ ಎಂಬ ನಾಡಿನ ಹೆಸರು ಉಳಿಯಿತು. ವಿಷ್ಣುವರ್ಧನನ ಕಾಲದಲ್ಲಿ ಅದನ್ನು ಆಳುತ್ತಿದ್ದವರು ಕಲ್ಯಾಣದ ಚಾಲುಕ್ಯರ ಸಾಮಂತರಾದ ಉಚ್ಚಂಗಿಯ ಪಾಂಡ್ಯರು.

ವಿಷ್ಣುವರ್ಧನನೂ ಹೆಸರಿಗೆ ಅದೇ ಚಾಲುಕ್ಯರ ಸಾಮಂತನಾಗಿದ್ದನು ಎಂಬುದನ್ನು ಇಲ್ಲಿ ಗಮನಿಸಬೇಕು. ತಲಕಾಡನ್ನು ಅವನು ಗೆದ್ದದ್ದು ಚೋಳರಿಂದ, ೧೧೧೬ರ ಸುಮಾರಿಗೆ; ಅದರಿಂದ ಚಾಲುಕ್ಯ ಚಕ್ರವರ್ತಿಗೆ ಕೋಪ ಬರಬೇಕಾಗಿರಲಿಲ್ಲ. ನೊಳಂಬವಾಡಿಯ ಮಾತು ಹಾಗಲ್ಲ. ಅದನ್ನು ಗೆಲ್ಲುವುದೆಂದರೆ ಒಡೆಯನ ಇನ್ನೊಬ್ಬ ಸಾಮಂತನ ನಾಡಿಗೆ ಕೈಹಾಕುವುದು. ಹಾಗೆ ಕೈಹಾಕಿ, ಅದನ್ನು ಚಿನ್ನದ ಮೇಲೆ ಬರೆಯಿಸಿ ಪೇಟೆಪೇಟೆಗೆ ಕಳುಹಿಸಿದರೆ ಅದು ಬರಿಯ ಹೆಮ್ಮೆಯಲ್ಲ. ಚಕ್ರವರ್ತಿಗೆ ಹಾಕಿದ ಸವಾಲು. ಶಾಸನವು ಊರಿನಲ್ಲಿ ನಿಂತಲ್ಲೇ ನಿಲ್ಲುತ್ತದೆ, ನಾಣ್ಯಕ್ಕಾದರೋ ಕಾಲುಗಳಿವೆ. ಕಲ್ಯಾಣದ ವರ್ತಕನ ಚೀಲಕ್ಕೂ ಅದು ಹೋಗಬಲ್ಲದು.

ಆದರೆ ನಾಣ್ಯದ ಮಾತು ಎಷ್ಟರಮಟ್ಟಿಗೆ ನಿಜ? ಇಲ್ಲಿ ಎಚ್ಚರ ಬೇಕು. ವಿಷ್ಣುವರ್ಧನನ ಮೊಮ್ಮಗ ಇಮ್ಮಡಿ ಬಲ್ಲಾಳನು ಉಚ್ಚಂಗಿಯ ಮೇಲೆ ಮತ್ತೆ ದಂಡೆತ್ತಬೇಕಾಯಿತು. ಪಾವಗಡ ತಾಲ್ಲೂಕಿನ ನಿಡುಗಲ್ಲು ಬೆಟ್ಟದಲ್ಲಿ ಇರುಂಗೋಳ ಎಂಬ ಹೆಸರಿನ ಪ್ರಭುಗಳು, ತಮ್ಮನ್ನು ಚೋಳವಂಶದವರೆಂದು ಕರೆದುಕೊಳ್ಳುತ್ತ, ಹದಿಮೂರನೆಯ ಶತಮಾನದಲ್ಲಿಯೂ ಆಳುತ್ತಿದ್ದರು. ಮೂರನೆಯ ನರಸಿಂಹನ ಕಾಲದಲ್ಲಿಯೂ ಹೊಯ್ಸಳರ ಸೇನೆ ನಿಡುಗಲ್ಲಿಗೆ ಬರಬೇಕಾಯಿತು. ‘ಗೊಂಡ’ ಎಂದು ಬರೆದದ್ದು ಒಮ್ಮೆ. ಗೆಲ್ಲಬೇಕಾದದ್ದು ಮತ್ತೆ ಮತ್ತೆ. ಆದುದರಿಂದ ನಾಣ್ಯವು ನ್ಯಾಯಾಲಯದ ತೀರ್ಪಲ್ಲ. ಒಬ್ಬ ಕಕ್ಷಿಗಾರನ ಹೇಳಿಕೆ. ಆ ಹೇಳಿಕೆಯನ್ನು ಶಾಸನಗಳೊಡನೆ ಹೋಲಿಸಿ ನೋಡುವುದು ಇತಿಹಾಸಕಾರನ ಕೆಲಸ. ಪ್ರಯೋಗಶಾಲೆಯಲ್ಲಿ ಒಂದೇ ಅಳತೆಯನ್ನು ನಂಬದೆ ಇನ್ನೊಂದರಿಂದ ತಾಳೆ ನೋಡುತ್ತೇವಲ್ಲವೆ? ಇದೂ ಹಾಗೆಯೇ.

ಎರಡು ತಲೆಯ ಹಕ್ಕಿ

ವಿಜಯನಗರದ ಅರಸರು ದೇವತೆಗಳನ್ನೂ ಪ್ರಾಣಿಗಳನ್ನೂ ಎರಡನ್ನೂ ಬಳಸಿಕೊಂಡರು. ಮೊದಲ ಅರಸರ ನಾಣ್ಯಗಳಲ್ಲಿ ಹನುಮಂತನೂ ಗರುಡನೂ, ಇಮ್ಮಡಿ ಹರಿಹರನ ನಾಣ್ಯಗಳಲ್ಲಿ ಉಮಾಮಹೇಶ್ವರರೂ, ಕೃಷ್ಣದೇವರಾಯನ ನಾಣ್ಯಗಳಲ್ಲಿ ಬಾಲಕೃಷ್ಣನೂ ಇದ್ದಾರೆ. ೧೫೨೯ರಲ್ಲಿ ಪಟ್ಟಕ್ಕೆ ಬಂದ ಅಚ್ಯುತರಾಯನು ಗಂಡಭೇರುಂಡವನ್ನು ಆರಿಸಿಕೊಂಡನು. ಎರಡು ತಲೆಯ ಆ ಹಕ್ಕಿ ಕೊಕ್ಕುಗಳಲ್ಲಿಯೂ ಉಗುರುಗಳಲ್ಲಿಯೂ ಆನೆಗಳನ್ನು ಹಿಡಿದಿದೆ. ಬಲದಲ್ಲಿ ಆನೆಗಿಂತ ದೊಡ್ಡದು ಯಾವುದು ಎಂಬ ಪ್ರಶ್ನೆಗೆ ಇದು ಚಿತ್ರರೂಪದ ಉತ್ತರ. ಸುಮಾರು ೩.೪ ಗ್ರಾಂ ತೂಕದ ವರಾಹದ ಅರ್ಧದಷ್ಟು ಬಿಲ್ಲೆಯ ಮೇಲೂ ಅಚ್ಚುಕಾರನು ಈ ಐದೂ ಪ್ರಾಣಿಗಳಿಗೆ ಜಾಗ ಹೊಂದಿಸಿದನೆಂಬುದು ಸಾಮಾನ್ಯ ಸಂಗತಿಯಲ್ಲ. ಆ ಹಕ್ಕಿ ಮುಂದೆ ಮೈಸೂರು ಅರಸರ ಲಾಂಛನವಾಯಿತು. ಇಂದು ಕರ್ನಾಟಕ ಸರ್ಕಾರದ ಮುದ್ರೆಯಲ್ಲಿದೆ. ಚಿನ್ನದ ನಾಣ್ಯಕ್ಕೆ ‘ವರಾಹ’ ಎಂಬ ಹೆಸರು ಬಂದದ್ದೂ ಒಂದು ಲಾಂಛನದಿಂದಲೇ. ಚಾಲುಕ್ಯರ ವರಾಹ ಮುದ್ರೆ ಮರೆಯಾದ ಮೇಲೂ ಹೆಸರು ಮಾತ್ರ ಜನರ ಬಾಯಲ್ಲಿ ನಿಂತಿತು.

ಸಿರಾದ ನವಾಬನೂ ಇಕ್ಕೇರಿಯ ವರಾಹವೂ

ಈಗ ಸಿರಾ ಕೋಟೆಗೆ ಬರೋಣ. ೧೬೮೭ರಲ್ಲಿ ಮೊಗಲರು ಸಿರಾವನ್ನು ತಮ್ಮ ಹೊಸ ಪ್ರಾಂತ್ಯದ ಮುಖ್ಯಸ್ಥಳವನ್ನಾಗಿ ಮಾಡಿದರು. ಮೊಗಲರ ಪದ್ಧತಿಯಲ್ಲಿ ದೊರೆತನಕ್ಕೆ ಎರಡು ಗುರುತುಗಳು: ಶುಕ್ರವಾರದ ಪ್ರಾರ್ಥನೆಯಲ್ಲಿ ಬಾದಶಹನ ಹೆಸರು, ನಾಣ್ಯದ ಮೇಲೆ ಬಾದಶಹನ ಹೆಸರು. ೧೭೬೧ರಲ್ಲಿ ನಿಜಾಮನ ಸೋದರನಾದ ಬಸಾಲತ್ ಜಂಗನು ಹೈದರಾಲಿಗೆ ಸಿರಾದ ನವಾಬನೆಂಬ ಪದವಿಯನ್ನು ಕೊಟ್ಟನು. ಮೈಸೂರು ಸೈನ್ಯದಲ್ಲಿ ಮೇಲೆದ್ದ ದಳವಾಯಿಗೆ ಮೊಗಲ್ ವ್ಯವಸ್ಥೆಯಲ್ಲಿ ಒಂದು ಅಧಿಕೃತ ಸ್ಥಾನ ದೊರೆತದ್ದು ಹೀಗೆ ನಮ್ಮ ಸಿರಾದ ಹೆಸರಿನಲ್ಲಿ.

೧೭೬೩ರಲ್ಲಿ ಹೈದರನು ಬಿದನೂರನ್ನು ಗೆದ್ದು ಚಿನ್ನದ ನಾಣ್ಯವನ್ನು ಅಚ್ಚು ಹಾಕಿಸಿದನು. ಅದರ ಮೇಲೆ ಯಾರ ಹೆಸರಿರಬೇಕಾಗಿತ್ತು? ಕಟ್ಟಳೆಯ ಪ್ರಕಾರ ದೆಹಲಿಯ ಬಾದಶಹನದು. ಆದರೆ ಆ ವರಾಹದ ಮುಂಬದಿಯಲ್ಲಿರುವವರು ಶಿವಪಾರ್ವತಿಯರು! ಹಿಂಬದಿಯಲ್ಲಿ ಹೈದರನ ಹೆಸರಿನ ಮೊದಲ ಪಾರಸಿ ಅಕ್ಷರ ಒಂದೇ ಒಂದು. ಕಾರಣವನ್ನು ಅಥೆನ್ಸಿನ ಗೂಬೆಯೇ ನಮಗೆ ಹೇಳಿಕೊಟ್ಟಿದೆ. ಇಕ್ಕೇರಿಯ ನಾಯಕರ ವರಾಹದಲ್ಲಿ ಉಮಾಮಹೇಶ್ವರರಿದ್ದರು. ಆ ವರಾಹವನ್ನು ವರ್ತಕರು ನಂಬಿದ್ದರು. ಗೆದ್ದವನಿಗೆ ನಾಡು ಸಿಕ್ಕಿತ್ತು. ಆದರೆ ಪೇಟೆಯ ನಂಬಿಕೆಯನ್ನು ಕತ್ತಿಯಿಂದ ಗೆಲ್ಲಲಾಗದು. ಆದುದರಿಂದ ಹೈದರನು ನಂಬಿಕೆಯ ಮುಖವನ್ನು ಹಾಗೆಯೇ ಉಳಿಸಿಕೊಂಡು, ಅಧಿಕಾರದ ಗುರುತನ್ನು ಬೆನ್ನಿಗೆ ಹಾಕಿದನು.

ಟಿಪ್ಪುವಿನ ದಾರಿ ಬೇರೆ. ತನ್ನ ರೂಪಾಯಿಗಳ ಮೇಲೆ ಅವನು ಬಾದಶಹನ ಹೆಸರನ್ನು ಹಾಕಿಸಲಿಲ್ಲ. ಧಾರ್ಮಿಕ ವಾಕ್ಯಗಳನ್ನು ಹಾಕಿಸಿದನು. ೧೭೮೭ರಿಂದ ಹೊಸದೊಂದು ಶಕೆಯನ್ನು ಜಾರಿಗೆ ತಂದು, ಅದರ ಅಂಕೆಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ತಾಮ್ರದ ಕಾಸುಗಳ ಮೇಲೆ ಆನೆ ನಿಂತಿತು. ಆ ಕಾಸುಗಳಿಗೆ ಅವನಿಟ್ಟ ಹೆಸರುಗಳು ವಿಜ್ಞಾನದ ವಿದ್ಯಾರ್ಥಿಗೆ ಸೊಗಸೆನಿಸುತ್ತವೆ: ಪೈಸೆಗೆ ‘ಜೋಹ್ರಾ’, ಎಂದರೆ ಶುಕ್ರ, ಅರ್ಧಕ್ಕೆ ‘ಬಹ್ರಾಂ’, ಎಂದರೆ ಮಂಗಳ, ಕಾಲಕ್ಕೆ ‘ಅಖ್ತರ್’, ಎಂದರೆ ನಕ್ಷತ್ರ, ಅರೆಕಾಲಕ್ಕೆ ‘ಕುತ್ಬ್’, ಎಂದರೆ ಧ್ರುವ. ಸಂತೆಯಲ್ಲಿ ಸೊಪ್ಪು ಕೊಳ್ಳುವವನ ಅಂಗೈಯಲ್ಲಿ ಆಕಾಶವೇ ಇತ್ತು! ಅವನ ಟಂಕಸಾಲೆಗಳಲ್ಲಿ ಒಂದು ಚಿತ್ರದುರ್ಗದಲ್ಲಿಯೇ ಇದ್ದಿತು.

ಲೋಹವು ಸುಳ್ಳಾಡಿದರೆ

ಮುದ್ರೆಯ ಮಾತು ನಿಜವೇ ಎಂಬುದನ್ನು ಲೋಹದಿಂದಲೂ ಕೇಳಬಹುದು. ಗ್ರೀಕ್ ನಗರವಾದ ಸಿರಾಕ್ಯೂಸಿನಲ್ಲಿ ಅರಸನ ಕಿರೀಟವನ್ನು ಪರೀಕ್ಷಿಸಲು ಆರ್ಕಿಮಿಡೀಸನು ಕಂಡುಹಿಡಿದನೆಂಬ ಉಪಾಯವೇ ಇಲ್ಲಿಯೂ ಸಲ್ಲುತ್ತದೆ. ೩.೪೦ ಗ್ರಾಂ ತೂಕದ ಒಂದು ವರಾಹವನ್ನು ಸಣ್ಣ ದಾರದಿಂದ ತೂಗುಹಾಕಿ ನೀರಿನಲ್ಲಿ ಮುಳುಗಿಸಿ ತೂಗಿರಿ. ಅಪ್ಪಟ ಚಿನ್ನದ ಸಾಂದ್ರತೆ ನೀರಿನ ೧೯.೩ರಷ್ಟು. ಆದುದರಿಂದ ನಾಣ್ಯವು ಅಪ್ಪಟವಾಗಿದ್ದರೆ ತೂಕ ೦.೧೭೬ ಗ್ರಾಂ ಕಡಮೆಯಾಗುತ್ತದೆ. ಹತ್ತರಲ್ಲಿ ಒಂದು ಪಾಲು ತಾಮ್ರ ಬೆರೆತಿದ್ದರೆ ಸುಮಾರು ೦.೧೯೬ ಗ್ರಾಂ, ಅರ್ಧಕ್ಕರ್ಧ ತಾಮ್ರವಾಗಿದ್ದರೆ ಸುಮಾರು ೦.೨೭೮ ಗ್ರಾಂ. ಈ ಅಂತರವನ್ನು ಕಾಲೇಜಿನ ಸೂಕ್ಷ್ಮ ತಕ್ಕಡಿಯೂ ತೋರಿಸಬಲ್ಲದು. ಬೆರಕೆಯಲ್ಲಿ ಬೆಳ್ಳಿಯೂ ತಾಮ್ರವೂ ಎರಡೂ ಇದ್ದರೆ ಈ ಒಂದೇ ಅಳತೆ ಸಾಲದು; ಅಜ್ಞಾತಗಳು ಎರಡಾದರೆ ಸಮೀಕರಣವೂ ಎರಡು ಬೇಕು. ಇಂದಿನ ಪ್ರಯೋಗಾಲಯಗಳಲ್ಲಿ ಕ್ಷಕಿರಣವನ್ನು ಬಿಟ್ಟು, ಪ್ರತಿಯೊಂದು ಧಾತುವೂ ಹೊರಸೂಸುವ ತನ್ನದೇ ಆದ ಕಿರಣಗಳಿಂದ ಬೆರಕೆಯನ್ನು ಗುರುತಿಸುತ್ತಾರೆ. ನಾಣ್ಯಕ್ಕೆ ಗೀರು ಕೂಡ ಬೀಳುವುದಿಲ್ಲ. ಆದರೆ ಆ ವಿಧಾನ ಮೇಲ್ಮೈಯನ್ನು ಮಾತ್ರ ಓದುತ್ತದೆ.

ಕೊರಟಗೆರೆಯ ಕಡೆಯ ಒಬ್ಬ ಹಿರಿಯ ಅಕ್ಕಸಾಲಿಗರಿಗೆ ನಾನು ಈ ಲೆಕ್ಕವನ್ನು ವಿವರಿಸಿದಾಗ ಅವರು ನಕ್ಕರು. “ನಮಗೆ ಒರೆಗಲ್ಲು ಸಾಕು ಸ್ವಾಮಿ” ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಚಿಕ್ಕಂದಿನಲ್ಲಿ ನಮ್ಮ ತಂದೆಯವರು ನರಸಿಂಹದೇವರ ಹಣಗಳನ್ನು ಮೂಸೆಗೆ ಹಾಕುತ್ತಿದ್ದುದನ್ನು ನೋಡಿದ್ದೇನೆ. ಮೂಗುತಿಗೆ ಒಳ್ಳೆಯ ಚಿನ್ನ.” ಅವರು ಹೇಳಿದ್ದು ಕಂಠೀರವ ಹಣವನ್ನು ಕುರಿತು. ೧೬೩೮ರಿಂದ ೧೬೫೯ರವರೆಗೆ ಆಳಿದ ಮೈಸೂರಿನ ಕಂಠೀರವ ನರಸರಾಜ ಒಡೆಯರು ಹಾಕಿಸಿದ, ಅರ್ಧ ಗ್ರಾಂ ಕೂಡ ತೂಗದ ಆ ನಾಣ್ಯದ ಮೇಲೆ ನರಸಿಂಹನ ಮೂರ್ತಿಯಿದೆ. ಮೂಸೆಯಲ್ಲಿ ಕರಗಿದಾಗ ಚಿನ್ನ ಒಂದು ಗುಲಗಂಜಿಯಷ್ಟೂ ನಷ್ಟವಾಗುವುದಿಲ್ಲ. ನಷ್ಟವಾಗುವುದು ಮಾತು.

ಹುಡುಗನ ಆನೆ

ವಿದ್ಯಾರ್ಥಿಯ ಬಿಲ್ಲೆಗೆ ಹಿಂದಿರುಗೋಣ. ನಾವಿಬ್ಬರೂ ಅದನ್ನು ಕಿಟಕಿಯ ಬಳಿ ಓರೆ ಬೆಳಕಿಗೆ ಹಿಡಿದು ಭೂತಗನ್ನಡಿಯಿಂದ ನೋಡಿದೆವು. ಓರೆ ಬೆಳಕಿನಲ್ಲಿ ಸವೆದ ಉಬ್ಬುಗಳಿಗೂ ನೆರಳು ಬೀಳುತ್ತದೆ. ನೇರ ಬೆಳಕಿನಲ್ಲಿ ಕಾಣದುದು ಆಗ ಕಾಣುತ್ತದೆ. ಆನೆಯ ಮೇಲೆ ಸೂರ್ಯನೂ ಬಾಲಚಂದ್ರನೂ ಮೂಡಿದರು. ಹಿಂಬದಿಯಲ್ಲಿ ‘ಮಯಿಲಿ ಕಾಸು’ ಎಂಬ ಕನ್ನಡ ಅಕ್ಷರಗಳ ಚೂರು, ಅದರ ಕೆಳಗೆ ಇಂಗ್ಲಿಷ್ ಅಕ್ಷರಗಳ ಗುರುತು. ಅದು ಟಿಪ್ಪುವಿನದಲ್ಲ, ೧೭೯೯ರಲ್ಲಿ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರದು. ಟಿಪ್ಪು ಮಡಿದ ಮೇಲೂ ಆನೆ ಹೋಗಲಿಲ್ಲ. ಜನರ ಕೈಗೆ ರೂಢಿಯಾಗಿದ್ದ ಆನೆಯನ್ನು ಉಳಿಸಿಕೊಂಡು, ಅದರ ಮೇಲೆ ಸೂರ್ಯಚಂದ್ರರನ್ನೂ ಬೆನ್ನಿಗೆ ಕನ್ನಡವನ್ನೂ ಸೇರಿಸಿದರು. ಪಕ್ಕದಲ್ಲಿದ್ದ ಇಂಗ್ಲಿಷ್ ಅಕ್ಷರಗಳು ಆಗಿನ ನಿಜವಾದ ಅಧಿಕಾರ ಎಲ್ಲಿತ್ತೆಂಬುದನ್ನು ಸದ್ದಿಲ್ಲದೆ ಹೇಳುತ್ತಿದ್ದವು.

ಹುಡುಗನ ಮುಖ ಸ್ವಲ್ಪ ಬಾಡಿತು. “ಹಾಗಾದರೆ ಇದಕ್ಕೆ ಬೆಲೆ ಕಡಮೆಯೆ, ಸಾರ್?” ಎಂದನು. ಬೆಲೆಯ ಮಾತು ನನಗೆ ತಿಳಿಯದು. ಆದರೆ ಒಂದು ರಾಜ್ಯವು ಕೈಬದಲಾಯಿಸಿದ ಕ್ಷಣವು ಅವನ ಅಜ್ಜಿಯ ಗಂಟಿನಲ್ಲಿ ಇನ್ನೂರು ವರ್ಷದ ಹತ್ತಿರಹತ್ತಿರ ಕಾದಿತ್ತು. ಹುಣಸೆಹುಳಿಯ ಇನ್ನೊಂದು ತಿಕ್ಕಿಗೆ ಅದು ಹೋಗಿಬಿಡುತ್ತಿತ್ತು.

ನಮ್ಮ ರೂಪಾಯಿಯನ್ನೂ ಒಮ್ಮೆ ಹೀಗೆಯೇ ನೋಡಿರಿ. ೧೮೩೫ರಿಂದ ಅದರ ಮೇಲೆ ಇಂಗ್ಲೆಂಡಿನ ಅರಸರ ಮುಖವಿತ್ತು. ೧೯೪೭ರಲ್ಲಿ ಸ್ವಾತಂತ್ರ್ಯ ಬಂದ ಮೇಲೂ ಆ ಮುಖವುಳ್ಳ ನಾಣ್ಯವೇ ಕೆಲವು ಕಾಲ ನಡೆಯಿತು. ೧೯೫೦ರಲ್ಲಿ ಮುಖ ಹೋಗಿ ಸಾರನಾಥದ ಅಶೋಕನ ಸಿಂಹಗಳು ಬಂದವು. ಆ ಅಶೋಕನ ಶಾಸನಗಳು ನಮಗೆ ದೂರವಲ್ಲ. ಪಾವಗಡದ ಉತ್ತರಕ್ಕೆ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯ ಬಂಡೆಯ ಮೇಲಿವೆ. ವಿಶೇಷವೇನೆಂದರೆ, ಅಶೋಕನ ಕಾಲದ ಬೆಳ್ಳಿಯ ನಾಣ್ಯಗಳ ಮೇಲೆ ಅವನ ಮುಖವೂ ಇಲ್ಲ, ಹೆಸರೂ ಇಲ್ಲ. ಸೂರ್ಯ, ಬೆಟ್ಟ ಮುಂತಾದ ಸಣ್ಣ ಸಣ್ಣ ಗುರುತುಗಳು ಮಾತ್ರ. ತನ್ನ ನಾಣ್ಯದಲ್ಲಿ ತನ್ನನ್ನು ಹೆಸರಿಸಿಕೊಳ್ಳದವನ ಸಿಂಹವನ್ನು, ಯಾವ ಒಬ್ಬ ಅರಸನಿಗೂ ಸೇರದ ಗಣರಾಜ್ಯವು ತನ್ನ ಗುರುತಾಗಿ ಆರಿಸಿಕೊಂಡಿತು.

ಕೊನೆಯದಾಗಿ ಒಂದು ಮಾತು. ಹೊಲ ಉಳುವಾಗಲೋ ಹಳೆಯ ಗೋಡೆ ಕೆಡವುವಾಗಲೋ ನಿಮಗೆ ಹಳೆಯ ನಾಣ್ಯ ದೊರೆತರೆ ತಿಕ್ಕಬೇಡಿರಿ. ಹುಳಿಯನ್ನಾಗಲಿ ಬೂದಿಯನ್ನಾಗಲಿ ಮುಟ್ಟಿಸಬೇಡಿರಿ. ಎಲ್ಲಿ, ಎಷ್ಟು ಆಳದಲ್ಲಿ, ಯಾವ ಪಾತ್ರೆಯಲ್ಲಿ ದೊರೆಯಿತೆಂಬುದನ್ನು ಬರೆದಿಡಿರಿ. ನೆಲದಲ್ಲಿ ಸಿಕ್ಕಿದ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು ೧೮೭೮ರಷ್ಟು ಹಿಂದೆಯೇ ಬಂದಿದೆ. ತಹಸೀಲ್ದಾರರ ಕಚೇರಿಗೆ ಸುದ್ದಿ ಮುಟ್ಟಿಸಿರಿ. ಪಾವಗಡದ ಆ ಹುಡುಗನು ಈಗ ತನ್ನ ಬಿಲ್ಲೆಯನ್ನು ಹತ್ತಿಯಲ್ಲಿ ಸುತ್ತಿ, ಒಂದು ಚೀಟಿ ಬರೆದು, ಡಬ್ಬಿಯಲ್ಲಿಟ್ಟಿದ್ದಾನೆ. ಚೀಟಿಯಲ್ಲಿ ಅರಸನ ಹೆಸರಿನ ಕೆಳಗೆ ಅವನು ಇನ್ನೊಂದು ಸಾಲನ್ನೂ ಸೇರಿಸಿದ್ದಾನೆ: “ನಮ್ಮಜ್ಜಿಯದು.”